ಬಯಲಾಟವನ್ನು ಲೈವ್ ಬಿಡುವ ಬಗೆ

ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಗೆ, ಪತ್ತನಾಜೆಗೆ. ಆ ಆರು ತಿಂಗಳು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಯಾವುದೋ ಗದ್ದೆಯಲ್ಲಿ, ಯಾವುದೋ ದೇವಸ್ಥಾನದ ಅಂಗಳದಲ್ಲಿ ಆಟ ನಡೆಯುತ್ತಲೇ ಇರುತ್ತದೆ. ಅವುಗಳಲ್ಲಿ ಒಂದೆರಡಾದರೂ ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಮುಂಬೈಯಲ್ಲಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ನೋಡುವವರಿದ್ದಾರೆ, ದುಬೈ, ಮಸ್ಕತ್ತಿನಲ್ಲಿ ಕುಳಿತು ನೋಡುವವರಿದ್ದಾರೆ, ಮಂಡಿನೋವಿನಿಂದ ಗದ್ದೆಗೆ ಇಳಿಯಲಾರದ ಅಜ್ಜಂದಿರೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಆಟ, ತಾಳಮದ್ದಳೆಗಳು ಪರದೆಗೆ ಬಂದವು. ಕಟ್ಟುಪಾಡು ತೆರವಾದ ಮೇಲೂ ಆ ರೂಢಿ ಹೋಗಲಿಲ್ಲ. ಸೇವೆಯಾಟ ಆಡಿಸುವ ಮನೆಯವರನ್ನು ನೆಂಟರು ಈಗ ಮೊದಲು ಕೇಳುವುದೇ "ಲೈವ್ ಉಂಟಾ?" ಎಂದು.

ಈ ಅಧ್ಯಾಯಕ್ಕೆ ಬಯಲಾಟವನ್ನೇ ಆರಿಸಿಕೊಳ್ಳಲು ಕಾರಣವಿದೆ. ನೇರಪ್ರಸಾರದ ತಾಪತ್ರಯಗಳೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತವೆ: ಕತ್ತಲು, ಜನಸಂದಣಿ, ಕೈಕೊಡುವ ಕರೆಂಟು, ಕಿವಿಗಡಚಿಕ್ಕುವ ಚೆಂಡೆ, ಗಿರಗಿರ ತಿರುಗುವ ವೇಷ, ಬೆಳಗಿನವರೆಗೆ ಎಳೆಯುವ ಹೊತ್ತು. ಇದನ್ನು ನಿಭಾಯಿಸಿದವರಿಗೆ ಮದುವೆಯೋ ಶಾಲಾ ವಾರ್ಷಿಕೋತ್ಸವವೋ ಕಷ್ಟವಾಗದು.

ಗದ್ದೆಯಿಂದ ಮೊಬೈಲಿನವರೆಗೆ

ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 1920 ಅಗಲ, 1080 ಎತ್ತರದ ಒಂದೊಂದು ಚಿತ್ರದಲ್ಲೂ ಇಪ್ಪತ್ತು ಲಕ್ಷಕ್ಕೆ ಮೀರಿ ಚುಕ್ಕಿಗಳಿರುತ್ತವೆ. ಚುಕ್ಕಿಯೊಂದಕ್ಕೆ 24 ಬಿಟ್‌ನಂತೆ ಗುಣಿಸಿದರೆ ಸೆಕೆಂಡಿಗೆ ಸುಮಾರು 1,240 ಮೆಗಾಬಿಟ್ ಆಗುತ್ತದೆ. ಇಷ್ಟನ್ನು ಹೊರುವ ನೆಟ್ ಯಾವ ಹಳ್ಳಿಯಲ್ಲೂ ಇಲ್ಲ. ಹಾಗಾಗಿ ಕಳಿಸುವ ಮುನ್ನ ಅದನ್ನು 4 ಮೆಗಾಬಿಟ್‌ಗೆ, ಅಂದರೆ ಮುನ್ನೂರು ಪಟ್ಟು ಹಿಂಡಬೇಕು. ಈ ಕೆಲಸಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಪದ್ಧತಿಯೇ ಇವತ್ತಿಗೂ ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು.

ಹಿಂಡುವ ಉಪಾಯ ಹೀಗಿದೆ. ಎರಡು ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಪೂರ್ತಿ ಕಳಿಸುವುದು, ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಕಳಿಸುವುದು. ಪೂರ್ತಿ ಕಳಿಸಿದ ಚಿತ್ರವೇ ಕೀಫ್ರೇಮ್. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತೇ ಇರುತ್ತಾರೆ, ಹೆಚ್ಚೆಂದರೆ ಕೈಯೊಂದು ಮೇಲೇಳುತ್ತದೆ. ಬದಲಾಗುವುದು ಕಡಿಮೆಯಾದ್ದರಿಂದ 2 ಮೆಗಾಬಿಟ್‌ನಲ್ಲೂ ಚಿತ್ರ ಚೊಕ್ಕಟವಾಗಿ ಹೋಗುತ್ತದೆ. ಅದೇ ಪುಂಡುವೇಷದವರು ದಿಗಿಣ ಹಾಕಲು ಶುರುಮಾಡಿದರೆ ಇಡೀ ರಂಗಸ್ಥಳವೇ ಕ್ಷಣಕ್ಷಣಕ್ಕೂ ಬದಲಾಗುತ್ತದೆ. 4 ಮೆಗಾಬಿಟ್ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ನೆಟ್ ಅಷ್ಟಕ್ಕಷ್ಟೇ ಇದ್ದಾಗ 1080ರ ಹಟ ಬಿಟ್ಟು 720ಕ್ಕೆ ಇಳಿಯುವುದು ಜಾಣತನ. ಮೊಬೈಲಿನಲ್ಲಿ ನೋಡುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು, ಆದರೆ ಚೌಕಗಳು ಎಲ್ಲರ ಕಣ್ಣಿಗೂ ಬೀಳುತ್ತವೆ.

ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಒಬಿಎಸ್ ಸ್ಟುಡಿಯೋ ಒಂದನ್ನು ಕಲಿತರೆ ಸಾಕು. ಹ್ಯೂ ಬೈಲಿ 2012ರಲ್ಲಿ ಶುರುಮಾಡಿದ, ಈಗ ಹಲವರು ಸೇರಿ ಬೆಳೆಸುತ್ತಿರುವ ಇದಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಯೂಟ್ಯೂಬ್ ಕೊಡುವ ಸ್ಟ್ರೀಮ್ ಕೀ ಎಂಬ ಅಕ್ಷರಮಾಲೆಯನ್ನು ಅದರಲ್ಲಿ ಅಂಟಿಸಿ ಗುಂಡಿ ಒತ್ತಿದರೆ ಹಿಂಡಿದ ಚಿತ್ರ ಹೊರಡುತ್ತದೆ. ಆ ಕೀ ಬೇರೆಯವರ ಕೈಗೆ ಸಿಕ್ಕಿದರೆ ನಿಮ್ಮ ಚಾನೆಲಿನಲ್ಲಿ ಅವರು ಏನನ್ನು ಬೇಕಾದರೂ ಬಿಡಬಹುದು. ಸೆಟ್ಟಿಂಗ್ ತೋರಿಸಲೆಂದು ಪರದೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಉತ್ಸಾಹಿಗಳು ಇದನ್ನು ನೆನಪಿಡಬೇಕು.

ಅಲ್ಲಿಂದ ಮುಂದಿನ ಹೊರೆ ಯೂಟ್ಯೂಬಿನದು. ನೋಡುವವರು ಹೆಚ್ಚಾದರೆ ನಮ್ಮ ನೆಟ್ ಸೋಲುತ್ತದೆ ಎಂದು ಹಲವರು ಅಂಜುತ್ತಾರೆ. ಹಾಗಾಗುವುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಇಸ್ರೋ ಚಾನೆಲಿನಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಕಡೆ ನೋಡುತ್ತಿದ್ದರು. ಕಳಿಸುವವರು ಯೂಟ್ಯೂಬಿಗೆ ತಲುಪಿಸಬೇಕಾದದ್ದು ಒಂದೇ ಹರಿವು, ಹಂಚುವುದು ಯೂಟ್ಯೂಬಿನ ಸರ್ವರ್‌ಗಳು. ಅವು ಬಂದದ್ದನ್ನು ನಾಲ್ಕೈದು ಗುಣಮಟ್ಟದಲ್ಲಿ ಮತ್ತೆ ಹಿಂಡಿ, ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಡುತ್ತವೆ. ನೋಡುವವರ ಮೊಬೈಲು ಒಂದಷ್ಟು ತುಂಡು ಕೂಡಿಹಾಕಿಕೊಂಡ ಮೇಲಷ್ಟೇ ತೋರಿಸಲು ಆರಂಭಿಸುತ್ತದೆ. ಗದ್ದೆಯಲ್ಲಿ ಚೆಂಡೆ ಪೆಟ್ಟು ಬಿದ್ದು ಎಷ್ಟೋ ಸೆಕೆಂಡಾದ ಮೇಲೆ ಮೊಬೈಲಿನಲ್ಲಿ ಕೇಳುವುದು ಇದಕ್ಕೇ. ಈ ಅಂತರ ತಗ್ಗಿಸುವ ಆಯ್ಕೆಯೂ ಇದೆ, ಆದರೆ ಕೂಡಿಟ್ಟ ತುಂಡು ಕಡಿಮೆಯಾದಷ್ಟೂ ನಡುನಡುವೆ ನಿಲ್ಲುವುದು ಹೆಚ್ಚು. ಆಟಕ್ಕೆ ಅದು ಬೇಡ. ಭಾಗವತರ ಪದಕ್ಕೆ ದುಬೈಯಿಂದ ತಕ್ಷಣ ಉತ್ತರ ಬರಬೇಕಾಗಿಲ್ಲವಲ್ಲ.

ನೆಟ್

ಸ್ಪೀಡ್ ಟೆಸ್ಟ್ ಮಾಡಿದವರು ದೊಡ್ಡ ಅಂಕಿ ನೋಡಿ ಹಿಗ್ಗುತ್ತಾರೆ. ಅದು ಡೌನ್‌ಲೋಡ್. ನಮಗೆ ಬೇಕಾದದ್ದು ಅಪ್‌ಲೋಡ್, ಅದೂ ನಾವು ಕಳಿಸುವುದರ ಎರಡು ಪಟ್ಟಾದರೂ ಇರಬೇಕು. ಬೆಳಿಗ್ಗೆ ಹತ್ತಕ್ಕೆ ಖಾಲಿ ಗದ್ದೆಯಲ್ಲಿ ನಿಂತು ನೋಡಿದರೆ ಮೊಬೈಲ್ ಡೇಟಾ ಚೆನ್ನಾಗಿಯೇ ಇರುತ್ತದೆ. ರಾತ್ರಿ ಚೌಕಿಪೂಜೆಯ ಹೊತ್ತಿಗೆ ಸಾವಿರ ಜನ ಸೇರಿ ಅಷ್ಟೂ ಮೊಬೈಲು ಅದೇ ಟವರನ್ನು ಜಗ್ಗಲು ತೊಡಗಿದರೆ ಬೆಳಗಿನ ಅಂಕಿಗೆ ಅರ್ಥವಿಲ್ಲ. ಡೇಟಾ ಲೆಕ್ಕವೂ ಇದೆ. 4 ಮೆಗಾಬಿಟ್‌ನಲ್ಲಿ ಗಂಟೆಗೆ 1.8 ಜಿಬಿ ಖರ್ಚು. ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿಸಿಕೊಂಡವರ ಲೈವ್ ಒಡ್ಡೋಲಗ ಮುಗಿದು ಕಥೆ ಏರುವ ಹೊತ್ತಿಗೆ ತಣ್ಣಗಾಗುತ್ತದೆ. ಎಂಟು ಗಂಟೆಯ ಆಟಕ್ಕೆ 14 ಜಿಬಿಗೂ ಹೆಚ್ಚು ಬೇಕು.

ಹತ್ತಿರದ ಮನೆಗೆ ಫೈಬರ್ ಇದ್ದರೆ ಅಲ್ಲಿಂದ ಲ್ಯಾನ್ ಕೇಬಲ್ ಎಳೆಯುವುದೇ ಸರಿ. ಆ ಕೇಬಲ್ಲಿನ ಮಿತಿ 100 ಮೀಟರ್. ವೈಫೈ ನಂಬಬೇಡಿ, ಜನರ ಮೊಬೈಲುಗಳ ನಡುವೆ ಅದು ಏದುಸಿರು ಬಿಡುತ್ತದೆ. ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಬೇಕು. ರಂಗಸ್ಥಳಕ್ಕೆ ಜನರೇಟರ್ ಇರುತ್ತದೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ. ಆದರೆ ಆ ಮನೆಯ ಗೋಡೆಯಲ್ಲಿರುವ ಫೈಬರ್ ಪೆಟ್ಟಿಗೆ ಮತ್ತು ರೂಟರ್ ಆರಿಹೋಗುತ್ತವೆ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳಿ, ಕ್ಯಾಮೆರಾಕ್ಕೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಮುರಿದಾದರೂ ಸರಿ. ಬೇರೆ ಕಂಪನಿಯ ಸಿಮ್ ಹಾಕಿದ ಮೊಬೈಲ್ ಹಾಟ್‌ಸ್ಪಾಟ್ ಒಂದು ಬದಿಯಲ್ಲಿ ಸಿದ್ಧವಿರಲಿ.

ಸೌಂಡು

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಸ್ವರ ಕೆಟ್ಟರೆ ಎರಡೇ ನಿಮಿಷದಲ್ಲಿ "ಸೌಂಡ್ ಇಲ್ಲ ಮಾರಾಯ್ರೆ" ಎಂದು ಚಾಟಿನಲ್ಲಿ ಬರೆದು ಬೇರೆ ಆಟಕ್ಕೆ ಹೋಗುತ್ತಾರೆ. ಯಕ್ಷಗಾನವನ್ನು ಕಣ್ಣು ಮುಚ್ಚಿಯೂ ನೋಡಬಹುದು, ಕಿವಿ ಮುಚ್ಚಿ ಅಲ್ಲ. ಇದೊಂದನ್ನು ಒಪ್ಪಿಕೊಂಡರೆ ದುಡ್ಡನ್ನೂ ಹೊತ್ತನ್ನೂ ಎಲ್ಲಿ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕ್ಯಾಮೆರಾದ ಮೈಕಿನಲ್ಲಿ ಪಕ್ಕದ ಚರುಮುರಿ ಗಾಡಿಯ ಸದ್ದೂ ಮಕ್ಕಳ ಅಳುವೂ ಸೇರಿಕೊಳ್ಳುತ್ತವೆ. ಆದ್ದರಿಂದ ಎಲ್ಲರೂ ಸೌಂಡಿನವರ ಮಿಕ್ಸರಿನಿಂದ ಒಂದು ವಯರು ಕೇಳುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಮಿಕ್ಸರಿನಲ್ಲಿ ಹದಗೊಳಿಸಿದ ಧ್ವನಿ ಗದ್ದೆಗಾಗಿ ಹದಗೊಳಿಸಿದ್ದು. ಚೆಂಡೆ ಹೇಗೂ ಮೈಕಿಲ್ಲದೆ ಊರಿಗೆಲ್ಲ ಕೇಳುತ್ತದೆ ಎಂದು ಸೌಂಡಿನವರು ಅದನ್ನು ತಗ್ಗಿಸಿ, ಭಾಗವತರನ್ನೂ ಮಾತನ್ನೂ ಏರಿಸಿರುತ್ತಾರೆ. ಎದುರು ಕೂತವರಿಗೆ ಅದೇ ಸರಿಯಾದ ಹದ. ಆ ವಯರಿನ ಧ್ವನಿಯನ್ನಷ್ಟೇ ಲೈವಿಗೆ ಕೊಟ್ಟರೆ ಚೆಂಡೆ ಎಲ್ಲೋ ಪಕ್ಕದೂರಿನಲ್ಲಿ ಬಾರಿಸಿದಂತೆ ಕೇಳುತ್ತದೆ. ಯುದ್ಧದ ಸನ್ನಿವೇಶಕ್ಕೆ ಜೀವವೇ ಇರುವುದಿಲ್ಲ. ಮಿಕ್ಸರಿನಲ್ಲಿ ಆಕ್ಸ್ ಎಂಬ ಹೊರದಾರಿ ಖಾಲಿ ಇದ್ದರೆ ಅಲ್ಲಿ ಲೈವಿಗೆಂದೇ ಬೇರೆ ಹದ ಮಾಡಿಸಿಕೊಳ್ಳಬಹುದು. ಅಷ್ಟು ತಾಳ್ಮೆ ಸೌಂಡಿನವರಿಗೆ ಇಲ್ಲದಿದ್ದರೆ ನಿಮ್ಮದೇ ಒಂದು ಮೈಕನ್ನು ರಂಗಸ್ಥಳದ ಹತ್ತಿರ ಇಟ್ಟು ಎರಡನ್ನೂ ಒಬಿಎಸ್‌ನಲ್ಲಿ ಬೆರೆಸಿ. ಆ ಮೈಕು ಹತ್ತಿರವೇ ಇರಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಮೂವತ್ತು ಮೀಟರ್ ಹಿಂದೆ ಇಟ್ಟ ಮೈಕು ಪ್ರತಿ ಪೆಟ್ಟಿಗೂ ಒಂದು ಮರುಪೆಟ್ಟು ಸೇರಿಸುತ್ತದೆ.

ಇನ್ನೊಂದು ಸಾಮಾನ್ಯ ಎಡವಟ್ಟು ವಯರು ಸಿಕ್ಕಿಸುವಲ್ಲಿ ಆಗುತ್ತದೆ. ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ ಜೋರು ಸಂಕೇತ. ಕ್ಯಾಮೆರಾದ ಮೈಕ್ ತೂತು ಕಾಯುವುದು ಅದರ ನೂರನೇ ಒಂದು ಪಾಲಿಗೂ ಕಡಿಮೆಯದಕ್ಕೆ. ನೇರ ಸಿಕ್ಕಿಸಿದರೆ ಭಾಗವತರ ಸ್ವರ ಹರಿದ ತಗಡಿನಂತಾಗುತ್ತದೆ, ಆಮೇಲೆ ಎಷ್ಟು ತಗ್ಗಿಸಿದರೂ ಸರಿಹೋಗುವುದಿಲ್ಲ. ನಡುವೆ ಯುಎಸ್‌ಬಿ ಆಡಿಯೋ ಇಂಟರ್ಫೇಸ್ ಇರಲಿ. ಗುಂಯ್ ಎಂಬ ಎಡೆಬಿಡದ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ದೋಷ ಅರ್ಥಿಂಗಿನದು, ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಅದನ್ನು ತಪ್ಪಿಸುತ್ತದೆ.

ಒಬಿಎಸ್‌ನಲ್ಲಿ ಧ್ವನಿಯ ಪಟ್ಟಿ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಕುಣಿಯುತ್ತದೆ. ಮಾತು ಹಳದಿಯಲ್ಲಿರಲಿ, ಚೆಂಡೆ ಕೆಂಪನ್ನು ಮುಟ್ಟಿದರೂ ತುದಿ ತಾಗಬಾರದು. ಸಂಜೆ ಪೀಠಿಕೆಯ ಹೊತ್ತಿಗೆ ಸರಿಮಾಡಿದ ಹದ ನಡುರಾತ್ರಿ ಬಣ್ಣದ ವೇಷ ಅಬ್ಬರಿಸುತ್ತ ಬಂದಾಗ ಸಾಲುವುದಿಲ್ಲ, ಆದ್ದರಿಂದ ಮೊದಲೇ ಜಾಗ ಉಳಿಸಿಕೊಳ್ಳಿ. ಚಿತ್ರ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕ್ಯಾಪ್ಚರ್ ಕಾರ್ಡಿನ ಮೂಲಕ ಸುತ್ತಿ ಬರುವುದರಿಂದ ಸ್ವರ ಅದಕ್ಕಿಂತ ಮುಂದೆ ಹೋಗುವುದೂ ಉಂಟು. ಚೆಂಡೆಯ ಕೋಲು ಬೀಳುವುದನ್ನೂ ಪೆಟ್ಟು ಕೇಳುವುದನ್ನೂ ಹೊಂದಿಸಿ ನೋಡಿ, ಸ್ವರವನ್ನು ಅಷ್ಟು ಮಿಲಿಸೆಕೆಂಡ್ ತಡೆಹಿಡಿಯುವ ಸೌಲಭ್ಯ ಒಬಿಎಸ್‌ನಲ್ಲೇ ಇದೆ.

ಚಿತ್ರ

ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಸುತ್ತಲಿನ ಕತ್ತಲನ್ನು ಕಂಡು ಅದು ಬೆಳಕು ಏರಿಸುತ್ತದೆ, ವೇಷದ ಮುಖ ಬಿಳಿ ಬಿಳಿಯಾಗಿ ಬಣ್ಣಗಾರಿಕೆಯೆಲ್ಲ ಅಳಿಸಿಹೋಗುತ್ತದೆ. ಬೆಳಕಿನ ಹದವನ್ನು ಕೈಯಲ್ಲೇ ಇಡಬೇಕು. ನಮ್ಮ ಕರೆಂಟು 50 ಹರ್ಟ್ಸಿನದು, ದೀಪಗಳು ಅದಕ್ಕೆ ತಕ್ಕಂತೆ ಮಿಡಿಯುತ್ತವೆ. ಶಟರನ್ನು 1/50ಕ್ಕೆ ನಿಲ್ಲಿಸಿದರೆ ಪರದೆಯ ಮೇಲೆ ಓಡುವ ಪಟ್ಟೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ವೇಷಭೂಷಣದ ಕೆಂಪು ಅಂಚುಗಳು ಲೈವಿನಲ್ಲಿ ಕದಡಿದಂತೆ ಕಾಣುವುದು ಕ್ಯಾಮೆರಾದ ದೋಷವಲ್ಲ. ಹಿಂಡುವಾಗ ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತಾರೆ. ಕಡುಕೆಂಪಿನಲ್ಲಿ ಅದು ಎದ್ದು ಕಾಣುತ್ತದೆ. ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ಭರವಸೆಯಿಲ್ಲ. ಒಂದೇ ಕ್ಯಾಮೆರಾ ಇದ್ದರೆ ಜೂಮ್ ಮಾಡಿ ಆಡಬೇಡಿ, ರಂಗಸ್ಥಳವೂ ಹಿಮ್ಮೇಳವೂ ಒಟ್ಟಿಗೆ ಕಾಣುವ ಚೌಕಟ್ಟು ಕಟ್ಟಿ ಬಿಟ್ಟುಬಿಡಿ. ನೋಡುವವರಿಗೆ ಅದೇ ಇಷ್ಟ.

ಲೈವಿನ ಜೊತೆಗೇ ಲ್ಯಾಪ್‌ಟಾಪಿನಲ್ಲೂ ದಾಖಲಿಸಿ, ಎಂಕೆವಿ ರೂಪದಲ್ಲಿ. ಎಂಪಿ4 ಆದರೆ ನಡುವೆ ಲ್ಯಾಪ್‌ಟಾಪ್ ಸತ್ತಾಗ ಕಡತವೇ ತೆರೆಯದೆ ಹೋಗಬಹುದು. ಯೂಟ್ಯೂಬ್ ತಾನಾಗಿ ಉಳಿಸಿಕೊಳ್ಳುವುದು 12 ಗಂಟೆಯೊಳಗಿನ ಪ್ರಸಾರವನ್ನು ಮಾತ್ರ.

ಅನುಮತಿ

ಆಟ ಬಯಲಿನಲ್ಲಿ ನಡೆದರೂ ಅದನ್ನು ಬಿತ್ತರಿಸುವ ಹಕ್ಕು ಬಯಲಿನದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 38ನೇ ಕಲಮು ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಡುತ್ತದೆ. ಆಡಿಸುವ ಮನೆಯವರು ಒಪ್ಪಿದರಷ್ಟೇ ಸಾಲದು, ಮೇಳದ ಯಜಮಾನರನ್ನೂ ಭಾಗವತರನ್ನೂ ಮೊದಲೇ ಕೇಳಿ. ಆಟಕ್ಕೆ ಮುಂಚೆ ಸೌಂಡಿನವರು ಹಾಕುವ ಭಕ್ತಿಗೀತೆ ಇನ್ನೊಂದು ಅಪಾಯ. ಅದರ ಹಕ್ಕು ಯಾವುದೋ ಕಂಪನಿಯದಾಗಿದ್ದು ಯೂಟ್ಯೂಬಿನ ಯಂತ್ರ ಗುರುತು ಹಿಡಿದರೆ ಪ್ರಸಾರ ಅಲ್ಲೇ ನಿಲ್ಲಬಹುದು. ಆ ಹೊತ್ತು ಧ್ವನಿ ಬಂದ್ ಮಾಡಿಡಿ.

ಹೊಸ ಚಾನೆಲಿನಲ್ಲಿ ಲೈವ್ ಸೌಲಭ್ಯ ತೆರೆಯಲು 24 ಗಂಟೆಯವರೆಗೆ ಹಿಡಿಯುತ್ತದೆ. ಕಂಪ್ಯೂಟರಿಲ್ಲದೆ ಬರೀ ಮೊಬೈಲಿನಿಂದ ಬಿಡಲು 50 ಮಂದಿ ಚಂದಾದಾರರು ಬೇಕು. ಆಟದ ದಿನ ಮಧ್ಯಾಹ್ನ ಕೂತು ಖಾತೆ ತೆರೆಯುವವರಿಗೆ ಆ ರಾತ್ರಿ ಲೈವ್ ಸಿಗುವುದು ಅನುಮಾನ.

ಕಲಿಯಹೊರಟವರು ಮೊದಲು ಊರಿನದೊಂದು ತಾಳಮದ್ದಳೆಯನ್ನು ಹಿಡಿಯಿರಿ. ಕೂತು ಮಾತಾಡುವವರು, ಒಂದೇ ಬೆಳಕು, ಸೂರಿನಡಿಯ ಜಾಗ, ಮೂರು ನಾಲ್ಕು ಮೈಕು, ಒಂದು ಕ್ಯಾಮೆರಾ. ಲಿಂಕ್ ಇದ್ದವರಿಗಷ್ಟೇ ಕಾಣುವಂತೆ ಅನ್‌ಲಿಸ್ಟೆಡ್ ಇಟ್ಟು, ಬೇರೆ ಊರಿನಲ್ಲಿರುವ ಒಬ್ಬರಿಗೆ ಕಳಿಸಿ, ಹೆಡ್‌ಫೋನ್ ಹಾಕಿ ಕೇಳಲು ಹೇಳಿ. ಅರ್ಥದ ಒಂದೊಂದು ಮಾತೂ ಅವರಿಗೆ ಬಿಡಿಸಿ ಕೇಳಿದ ಮೇಲೆ ಬಯಲಾಟಕ್ಕೆ ವೀಳ್ಯ ಹಿಡಿಯಬಹುದು.