ಹೆದ್ದಾರಿ ಬೀದಿಯಾದ ಬಗೆ

ಕುರ್ಲಾದಿಂದ ಮುಲುಂಡ್‌ವರೆಗೆ ನೆಲೆಸಿರುವ ಕನ್ನಡಿಗರಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ ಚಿರಪರಿಚಿತ. ಆದರೆ ನಮ್ಮ ಹಿರಿಯರು ರಿಕ್ಷಾದವನಿಗೆ ಇಂದಿಗೂ 'ಆಗ್ರಾ ರೋಡ್' ಎಂದೇ ಹೇಳುವುದುಂಟು. ಅದು ತಪ್ಪಲ್ಲ. ಮುಂಬಯಿಯಿಂದ ಠಾಣೆ, ನಾಸಿಕಗಳ ಮಾರ್ಗವಾಗಿ ಆಗ್ರಾಕ್ಕೆ ಹೊರಡುತ್ತಿದ್ದ ಹೆದ್ದಾರಿ ಅದೇ ಆಗಿತ್ತು.

ಗವರ್ನರ್ ಜೊನಾಥನ್ ಡಂಕನ್ ಅವರ ಕಾಲದಲ್ಲಿ, 19ನೆಯ ಶತಮಾನದ ಆರಂಭದಲ್ಲಿ, ಸಾಯನ್ ಮತ್ತು ಕುರ್ಲಾಗಳ ನಡುವೆ ಒಡ್ಡುದಾರಿ ನಿರ್ಮಾಣವಾಯಿತು. ಪಶ್ಚಿಮದಲ್ಲಿ ಲೇಡಿ ಅವಾಬಾಯಿ ಜೀಜೀಭಾಯ್ ಅವರ ಉದಾರ ದೇಣಿಗೆಯಿಂದ 1845ರಲ್ಲಿ ಮಾಹಿಮ್ ಒಡ್ಡುದಾರಿ ಸಿದ್ಧವಾಯಿತು. ಅದರಾಚೆ ಬಾಂದ್ರಾದಿಂದ ಉತ್ತರಕ್ಕೆ ಸಾಗುತ್ತಿದ್ದ ಘೋಡ್‌ಬಂದರ್ ರಸ್ತೆಯೇ ಇಂದಿನ ಸ್ವಾಮಿ ವಿವೇಕಾನಂದ ರಸ್ತೆ. ಇಕ್ಕೆಲಗಳಲ್ಲೂ ಅಂಗಡಿ, ಕಾರ್ಖಾನೆ, ವಸತಿಗಳು ದಟ್ಟೈಸಿದ ಮೇಲೆ ಈ ದಾರಿಗಳನ್ನು ಅಗಲಗೊಳಿಸುವುದು ದುಸ್ತರವಾಯಿತು. ಪೂರ್ವ ಮತ್ತು ಪಶ್ಚಿಮ ದ್ರುತಗತಿ ಹೆದ್ದಾರಿಗಳು ಬಂದವು. ದೂರದ ಲಾರಿಗಳು ಅತ್ತ ಹೊರಳಿದವು. ಹಳೆಯ ಹೆದ್ದಾರಿಗಳು ನಗರದ ಬೀದಿಗಳಾಗಿ ಉಳಿದವು.

ಕೆಲವು ಹೆದ್ದಾರಿಗಳಾದರೋ ಕಾಗದದಲ್ಲೇ ಮಾಯವಾದವು. ಹೆದ್ದಾರಿಯ 500 ಮೀಟರ್ ಅಂತರದೊಳಗೆ ಮದ್ಯ ಮಾರಾಟ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ ತೀರ್ಪಿತ್ತಾಗ, ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳು ಊರೊಳಗಿನ ರಾಜ್ಯ ಹೆದ್ದಾರಿಗಳ ಪಟ್ಟವನ್ನು ಕಳಚಿ ಅವನ್ನು ಸ್ಥಳೀಯ ರಸ್ತೆಗಳೆಂದು ಘೋಷಿಸಿದವು. ಡಾಂಬರು ಅದೇ, ತಿರುವು ಅದೇ. ಬದಲಾದದ್ದು ದಾಖಲೆ ಮಾತ್ರ.

ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳು ಬಂದವು. ಪುಣೆ, ಬೆಳಗಾವಿ ಮಾರ್ಗವಾಗಿ ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತಿದ್ದ 4ನೆಯ ಹೆದ್ದಾರಿ 48 ಆಯಿತು. ಅದಕ್ಕೂ ಮುನ್ನ 48 ಎನಿಸಿದ್ದ ಹಾಸನ ಮಾರ್ಗದ ಬೆಂಗಳೂರು-ಮಂಗಳೂರು ದಾರಿ 75 ಆಯಿತು. ಪನವೇಲಿನಿಂದ ಕರಾವಳಿಗಿಳಿಯುವ 17 ಈಗ 66. ಊರಿನ ಜಮೀನಿನ ಹಳೆಯ ಪತ್ರದಲ್ಲಿ '48' ಎಂದಿದ್ದರೆ, ಇಂದು ಹುಡುಕುವವನು ಹಾಸನವನ್ನು ಬಿಟ್ಟು ಬೆಳಗಾವಿಯ ದಾರಿ ಹಿಡಿದಾನು!

ಇದು ನಗೆಯ ಮಾತಷ್ಟೇ ಅಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ನಾವು ಕಂಡ ಪ್ರಸಂಗವೊಂದಿದೆ. ಭಾಂಡೂಪಿನ ವಿಧವೆಯೊಬ್ಬರು ಮಗಳ ಉನ್ನತ ವ್ಯಾಸಂಗಕ್ಕೆ ಮನೆಯನ್ನು ಅಡಮಾನವಿಡಲು ಬಂದಿದ್ದರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಪಶ್ಚಿಮಕ್ಕೆ ಆಗ್ರಾ ರಸ್ತೆ' ಎಂದಿತ್ತು. ತೆರಿಗೆ ರಸೀದಿಯಲ್ಲಿ ಶಾಸ್ತ್ರಿ ಮಾರ್ಗ. ಎರಡೂ ಒಂದೇ ಆಸ್ತಿಯೇ ಎಂಬ ಶಂಕೆಯಲ್ಲಿ ವಾರಗಳು ಉರುಳಿದವು. ಕಾಲೇಜಿನ ಶುಲ್ಕದ ಗಡುವು ಸಮೀಪಿಸುತ್ತಿತ್ತು. ಕಡೆಗೆ ದಿವಂಗತ ಪತಿ ಜೋಪಾನವಾಗಿ ಕಟ್ಟಿಟ್ಟಿದ್ದ ಹಳೆಯ ರಸೀದಿಗಳೂ ಎರಡು ಕಾಗದಗಳಲ್ಲೂ ಒಂದೇ ಆಗಿದ್ದ ಸಿಟಿ ಸರ್ವೇ ಸಂಖ್ಯೆಯೂ ಅವರ ನೆರವಿಗೆ ಬಂದವು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ರಸ್ತೆಯ ಹೆಸರು ಬದಲಾದೀತು, ಸರ್ವೇ ಸಂಖ್ಯೆಯನ್ನು ಗುರುತು ಹಾಕಿಟ್ಟುಕೊಳ್ಳಿ. ಹಳೆಯ ರಸೀದಿಗಳನ್ನು ರದ್ದಿಗೆ ಹಾಕಬೇಡಿ. ಮನೆಯ ಹಿರಿಯರು 'ಆಗ್ರಾ ರೋಡ್' ಎಂದಾಗ ಅವರನ್ನು ತಿದ್ದದೆ, ಅದು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಕೇಳಿ ಬರೆದಿಟ್ಟುಕೊಳ್ಳಿ.