ಪರಾವಲಂಬಿ ಕಣಜಗಳು ಮತ್ತು ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ

ಪರಾವಲಂಬಿ ಕಣಜಗಳು ಬೇರೆ ಕೀಟಗಳ ದೇಹದ ಮೇಲೆ ಅಥವಾ ದೇಹದೊಳಗೆ ಮೊಟ್ಟೆಯಿಟ್ಟು, ಆ ಕೀಟವನ್ನೇ ತಮ್ಮ ಮರಿಗಳಿಗೆ ಆಹಾರವಾಗಿಸುವ ಪುಟ್ಟ ಕಣಜಗಳು. ಹೇನಿನಂತಹ ಪರಾವಲಂಬಿಯು ತನಗೆ ಆಶ್ರಯ ನೀಡಿದ ಜೀವಿಯನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ; ಈ ಕಣಜಗಳ ಮರಿಗಳಾದರೋ ಕೊಲ್ಲದೆ ಬೆಳೆಯಲಾರವು. ಆತಿಥೇಯ ಕೀಟದೊಳಗೆ ಸಸ್ಯರೋಗವನ್ನು ಉಂಟುಮಾಡುವ ಬ್ಯಾಕ್ಟೀರಿಯಾವೂ ಮನೆಮಾಡಿದ್ದರೆ ಇಬ್ಬರು ಅತಿಥಿಗಳ ಅಗತ್ಯಗಳು ಪರಸ್ಪರ ವಿರುದ್ಧವಾಗುತ್ತವೆ. ಕೀಟವು ಬದುಕಿ, ರೆಕ್ಕೆ ಬಲಿತು, ಬೇರೊಂದು ಗಿಡಕ್ಕೆ ಹಾರಿದರೆ ಮಾತ್ರ ಬ್ಯಾಕ್ಟೀರಿಯಾ ಹರಡಬಲ್ಲದು. ಕಣಜದ ಮರಿಗೆ ಅದೇ ಕೀಟವು ಕುಳಿತಲ್ಲಿಯೇ ಸಾಯಬೇಕು. ಈ ಸಂಬಂಧದ ಬಗ್ಗೆ ವಿಸ್ತಾರವಾದ ಅಧ್ಯಯನ ನಡೆದಿರುವುದು ಕಿತ್ತಳೆ, ನಿಂಬೆ, ಮೋಸಂಬಿ ಗಿಡಗಳನ್ನು ಕಾಡುವ ಗ್ರೀನಿಂಗ್ ರೋಗದಲ್ಲಿ.

ರೋಗ ಮತ್ತು ಅದರ ವಾಹಕ

ಗ್ರೀನಿಂಗ್ ರೋಗಕ್ಕೆ ಚೀನೀ ಭಾಷೆಯಲ್ಲಿ ಹುವಾಂಗ್‌ಲಾಂಗ್‌ಬಿಂಗ್ ಎಂದು ಹೆಸರು. ಹಳದಿ ಚಿಗುರಿನ ರೋಗವೆಂದು ಅದರ ಅರ್ಥ. ಎಲೆಗಳ ಮೇಲೆ ಹಳದಿ-ಹಸಿರು ಮಚ್ಚೆಗಳು ಮೂಡುತ್ತವೆ, ಹಣ್ಣು ಸೊಟ್ಟಗಾಗಿ ಕೆಳಭಾಗ ಮಾಗದೆ ಹಸಿರಾಗಿಯೇ ಉಳಿಯುತ್ತದೆ, ರಸ ಕಹಿಯಾಗುತ್ತದೆ. ರೋಗ ತಗಲಿದ ಮರವನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ಏಷ್ಯಾದಲ್ಲಿ ಇದಕ್ಕೆ ಕಾರಣ 'ಕ್ಯಾಂಡಿಡೇಟಸ್ ಲಿಬೆರಿಬ್ಯಾಕ್ಟರ್ ಏಷಿಯಾಟಿಕಸ್' ಎಂಬ ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ಪ್ರತ್ಯೇಕಿಸಿ ಬೆಳೆಸಲು ಸಾಧ್ಯವಾಗದ ಬ್ಯಾಕ್ಟೀರಿಯಾಗಳ ಹೆಸರಿಗೆ 'ಕ್ಯಾಂಡಿಡೇಟಸ್' ಎಂಬ ಪದವನ್ನು ಸೇರಿಸುವುದು ವಾಡಿಕೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗಿಡದ ಇತರ ಭಾಗಗಳಿಗೆ ಸಾಗಿಸುವ ಫ್ಲೋಯಂ ನಾಳಗಳಲ್ಲಿ ಇದು ವಾಸಿಸುತ್ತದೆ.

ಒಂದು ಮರದಿಂದ ಇನ್ನೊಂದು ಮರಕ್ಕೆ ಇದನ್ನು ಒಯ್ಯುವುದು ಡಯಾಫೊರಿನಾ ಸಿಟ್ರಿ ಎಂಬ ಸಿಲ್ಲಿಡ್ ಕೀಟ. ಮೂರು-ನಾಲ್ಕು ಮಿಲಿಮೀಟರ್ ಉದ್ದದ ಈ ಕೀಟವು ತಲೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಕುಳಿತು ರಸ ಹೀರುತ್ತದೆ. ಆ ಭಂಗಿಯಿಂದಲೇ ಅದನ್ನು ಗುರುತಿಸಬಹುದು. ಮೊಟ್ಟೆಯಿಡುವುದು ಎಳೆಯ ಚಿಗುರಿನಲ್ಲಿ ಮಾತ್ರ. ಮೊಟ್ಟೆಯೊಡೆದು ಬರುವ ರೆಕ್ಕೆಯಿಲ್ಲದ ಮರಿಯನ್ನು ಕನ್ನಡದ ಕೃಷಿ ಬರಹಗಳು 'ಅಪ್ಸರೆ' ಎಂದು ಕರೆಯುತ್ತವೆ. ಗ್ರೀಕ್ ಪುರಾಣದ ವನದೇವತೆಯ ಹೆಸರನ್ನು ಪಾಶ್ಚಾತ್ಯರು ಕೀಟದ ಮರಿಗೆ ಇಟ್ಟರು, ನಮ್ಮವರು ಅದನ್ನು ಇಂದ್ರಸಭೆಗೆ ಸೇರಿಸಿದರು! ಅಪ್ಸರೆಯು ಐದು ಹಂತಗಳನ್ನು ದಾಟಿ ಪ್ರೌಢ ಕೀಟವಾಗುತ್ತದೆ.

ಟಮಾರಿಕ್ಸಿಯಾ ಕಣಜ

ಈ ಸಿಲ್ಲಿಡ್‌ನ ಮುಖ್ಯ ಶತ್ರು ಟಮಾರಿಕ್ಸಿಯಾ ರೇಡಿಯೇಟಾ. ಅವಿಭಜಿತ ಪಂಜಾಬಿನ ಲಾಯಲ್‌ಪುರದಲ್ಲಿ, ಅಂದರೆ ಈಗಿನ ಪಾಕಿಸ್ತಾನದ ಫೈಸಲಾಬಾದಿನಲ್ಲಿ, ದೊರೆತ ಮಾದರಿಗಳನ್ನು ಆಧರಿಸಿ ವಾಟರ್‌ಸ್ಟನ್ ಎಂಬ ಕೀಟತಜ್ಞರು 1922ರಲ್ಲಿ ಇದನ್ನು ಮೊದಲು ವರ್ಣಿಸಿದರು. ಕಣಜದ ಉದ್ದ ಸುಮಾರು ಒಂದು ಮಿಲಿಮೀಟರ್.

ಹೆಣ್ಣು ಕಣಜವು ನಾಲ್ಕನೆಯ ಅಥವಾ ಐದನೆಯ ಹಂತದ ಅಪ್ಸರೆಯನ್ನು ಆಯ್ದು, ಅದರ ಹೊಟ್ಟೆಯ ಅಡಿಯಲ್ಲಿ, ಹಿಂಗಾಲುಗಳ ಬಳಿ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಹೊರಬಂದ ಮರಿಹುಳು ಅಲ್ಲಿಯೇ ಅಂಟಿಕೊಂಡು ಅಪ್ಸರೆಯ ದೇಹದ್ರವವನ್ನು ಹೀರುತ್ತದೆ. ಕೊನೆಗೆ ಅಪ್ಸರೆಯ ಒಣಗಿದ ಕವಚವನ್ನು ರೇಷ್ಮೆಯಂತಹ ಎಳೆಗಳಿಂದ ಕೊಂಬೆಗೆ ಬಿಗಿದು, ಅದರಡಿಯಲ್ಲಿ ಕೋಶಾವಸ್ಥೆಯನ್ನು ಕಳೆದು, ಎದೆಯ ಭಾಗದಲ್ಲಿ ರಂಧ್ರ ಕೊರೆದು ಪ್ರೌಢ ಕಣಜವಾಗಿ ಹೊರಬರುತ್ತದೆ. ಹೆಣ್ಣು ಕಣಜವು ಮೊಟ್ಟೆಯಿಡುವುದರ ಜೊತೆಗೆ ಎಳೆಯ ಅಪ್ಸರೆಗಳನ್ನು ಚುಚ್ಚಿ ರಸ ಕುಡಿದೂ ಕೊಲ್ಲುತ್ತದೆ. ಡಯಾಫೊರೆನ್‌ಸಿರ್ಟಸ್ ಅಲಿಗಢೆನ್ಸಿಸ್ ಎಂಬ ಇನ್ನೊಂದು ಕಣಜದ ಮರಿಯು ಅಪ್ಸರೆಯ ದೇಹದೊಳಗೆಯೇ ಬೆಳೆಯುತ್ತದೆ. ಹೆಸರೇ ಸೂಚಿಸುವಂತೆ ಇದೂ ನಮ್ಮ ಉಪಖಂಡದ್ದೇ.

ಕೀಟದೊಳಗಿನ ಮುಖಾಮುಖಿ

ರೋಗಗ್ರಸ್ತ ಚಿಗುರಿನ ರಸದೊಂದಿಗೆ ಬ್ಯಾಕ್ಟೀರಿಯಾವು ಸಿಲ್ಲಿಡ್‌ನ ಕರುಳನ್ನು ಸೇರುತ್ತದೆ. ಕರುಳಿನ ಗೋಡೆಯನ್ನು ದಾಟಿ ದೇಹದ್ರವಕ್ಕೆ ಇಳಿದು, ಅಲ್ಲಿಂದ ಲಾಲಾಗ್ರಂಥಿಗಳನ್ನು ತಲುಪಿದ ಮೇಲೆಯೇ ಕೀಟವು ರೋಗ ಹರಡಲು ಸಮರ್ಥವಾಗುತ್ತದೆ. ಅಪ್ಸರೆಯಾಗಿದ್ದಾಗಲೇ ಸೋಂಕು ಪಡೆದ ಕೀಟಗಳು, ಪ್ರೌಢಾವಸ್ಥೆಯಲ್ಲಿ ಸೋಂಕು ಪಡೆದವುಗಳಿಗಿಂತ ಹೆಚ್ಚು ಸಮರ್ಥವಾಗಿ ರೋಗವನ್ನು ಹರಡುತ್ತವೆ. ಹೀಗೆ ಬ್ಯಾಕ್ಟೀರಿಯಾಕ್ಕೆ ಅತ್ಯಂತ ಅನುಕೂಲವಾದ ಹಂತವೂ ಕಣಜವು ಬೇಟೆಯಾಡುವ ಹಂತವೂ ಒಂದೇ ಆಗಿವೆ. ಕಣಜಕ್ಕೆ ಬಲಿಯಾದ ಅಪ್ಸರೆಗೆ ರೆಕ್ಕೆ ಮೂಡುವುದಿಲ್ಲ. ಅದರೊಳಗಿನ ಬ್ಯಾಕ್ಟೀರಿಯಾ ಇನ್ನೊಂದು ಮರವನ್ನು ಕಾಣುವುದಿಲ್ಲ. ಕಣಜವು ಗಿಡದ ರಸವನ್ನು ಹೀರುವ ಕೀಟವಲ್ಲವಾದ್ದರಿಂದ, ತಿಂದ ಆಹಾರದೊಂದಿಗೆ ಬ್ಯಾಕ್ಟೀರಿಯಾ ಬಂದರೂ ಅದನ್ನು ಫ್ಲೋಯಂಗೆ ಸೇರಿಸಲಾರದು. ಎಲ್ಲ ಕಣಜ-ಬ್ಯಾಕ್ಟೀರಿಯಾ ಸಂಬಂಧಗಳೂ ಇಷ್ಟು ನಿರುಪದ್ರವಿಯಲ್ಲ. ಬಿಳಿನೊಣಗಳಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಕಣಜಗಳೇ ತಮ್ಮ ಬಾಯಿ ಮತ್ತು ಮೊಟ್ಟೆಯಿಡುವ ಅಂಗದ ಮೂಲಕ ಒಂದು ಕೀಟದಿಂದ ಇನ್ನೊಂದಕ್ಕೆ ದಾಟಿಸುವುದು 2015ರಲ್ಲಿ ದೃಢಪಟ್ಟಿದೆ. ಆದರೆ ಅದು ಸಸ್ಯರೋಗದ ಬ್ಯಾಕ್ಟೀರಿಯಾ ಅಲ್ಲ.

ಕಣಜದ ಮಿತಿಯೂ ಇಲ್ಲಿಯೇ ಇದೆ. ಅದು ಪ್ರೌಢ ಸಿಲ್ಲಿಡ್‌ನ ಮೇಲೆ ದಾಳಿ ಮಾಡುವುದಿಲ್ಲ. ಸೋಂಕು ಹೊತ್ತ ಪ್ರೌಢ ಕೀಟವು ಮೊದಲು ಚಿಗುರಿನ ಮೇಲೆ ಕುಳಿತು ರಸ ಹೀರುತ್ತದೆ, ನಂತರ ಮೊಟ್ಟೆಯಿಡುತ್ತದೆ, ಅಪ್ಸರೆಗಳು ಬೆಳೆಯುತ್ತವೆ. ಕಣಜ ಬರುವುದು ಆಮೇಲೆ. ಅಷ್ಟರಲ್ಲಿ ಆ ಮರಕ್ಕೆ ರೋಗ ತಗಲಿರುತ್ತದೆ. ಸೋಂಕು ತಗಲಿದ ಎಳೆಯ ಚಿಗುರು ಸುಮಾರು ಹದಿನೈದು ದಿನಗಳಲ್ಲಿಯೇ, ರೋಗಲಕ್ಷಣ ಕಾಣಿಸಿಕೊಳ್ಳುವ ಎಷ್ಟೋ ತಿಂಗಳು ಮೊದಲೇ, ಹೊಸ ಅಪ್ಸರೆಗಳಿಗೆ ಬ್ಯಾಕ್ಟೀರಿಯಾವನ್ನು ನೀಡಬಲ್ಲದು. ಕಣಜವು ತಡೆಯುವುದು ಈ ಎರಡನೆಯ ಪೀಳಿಗೆಯನ್ನು. ಆದ್ದರಿಂದ ಅದರಿಂದ ಸಿಗುವ ರಕ್ಷಣೆ ತಾನು ಕುಳಿತ ಮರಕ್ಕಲ್ಲ, ನೆರೆಯ ಮರಕ್ಕೆ ಎನ್ನಬೇಕು.

ವಾಸನೆಯ ಪಾತ್ರ

ರೋಗಗ್ರಸ್ತ ಮರವು ಮೀಥೈಲ್ ಸ್ಯಾಲಿಸಿಲೇಟ್ ಎಂಬ ಆವಿಯನ್ನು ಹೆಚ್ಚಾಗಿ ಹೊರಸೂಸುತ್ತದೆ. ನೋವಿನ ಮುಲಾಮುಗಳನ್ನು ಹಚ್ಚಿಕೊಂಡವರಿಗೆಲ್ಲ ಇದರ ವಾಸನೆ ಪರಿಚಿತ. ಸಿಲ್ಲಿಡ್‌ಗಳು ಇದಕ್ಕೆ ಮರುಳಾಗಿ ಬರುತ್ತವೆ, ಸೋಂಕನ್ನು ಪಡೆಯುತ್ತವೆ, ಪೋಷಕಾಂಶ ಸಾಲದೆ ಆರೋಗ್ಯವಂತ ಮರಗಳತ್ತ ಹೊರಡುತ್ತವೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಇದೇ. ಆದರೆ ಅದೇ ವಾಸನೆಯನ್ನು ಹಿಡಿದು ಟಮಾರಿಕ್ಸಿಯಾ ಕಣಜವೂ ಬರುತ್ತದೆ ಎಂಬುದನ್ನು ಫ್ಲೋರಿಡಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳಲ್ಲಿ ಆರೋಗ್ಯವಂತ ಗಿಡಗಳಿಗಿಂತ ರೋಗಗ್ರಸ್ತ ಗಿಡಗಳ ಮೇಲೆ ಹೆಚ್ಚು ಅಪ್ಸರೆಗಳು ಕಣಜಕ್ಕೆ ಬಲಿಯಾದವು.

ರೀಯೂನಿಯನ್ ಮತ್ತು ಫ್ಲೋರಿಡಾ

ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೆ 1978ರಲ್ಲಿ ಭಾರತದಿಂದ ಟಮಾರಿಕ್ಸಿಯಾವನ್ನು ಒಯ್ದು ಬಿಡಲಾಯಿತು. ಸಿಲ್ಲಿಡ್‌ಗಳ ಸಂಖ್ಯೆ ಕುಸಿಯಿತು. ರೋಗರಹಿತ ಸಸಿಗಳನ್ನು ನೆಟ್ಟು ತೋಟಗಳನ್ನು ಮತ್ತೆ ಬೆಳೆಸಲು ಸಾಧ್ಯವಾಯಿತು. ಕಣಜವನ್ನೇ ತಿನ್ನುವ ಬೇರೆ ಪರಾವಲಂಬಿಗಳು ಅಲ್ಲಿ ಇಲ್ಲದಿದ್ದುದೂ ಅನುಕೂಲವಾಯಿತು.

ಫ್ಲೋರಿಡಾದಲ್ಲಿ ಸಿಲ್ಲಿಡ್ ಪತ್ತೆಯಾದದ್ದು 1998ರಲ್ಲಿ. ಮರುವರ್ಷದಿಂದಲೇ ತೈವಾನ್ ಮತ್ತು ವಿಯೆಟ್ನಾಂನಿಂದ ತಂದ ಕಣಜಗಳನ್ನು ಬಿಟ್ಟರೂ, 2005ರಲ್ಲಿ ರೋಗ ಕಾಣಿಸಿಕೊಂಡಿತು. ಅಲ್ಲಿನ ತೋಟಗಳ ಸಮೀಕ್ಷೆಯಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಕಣಜಕ್ಕೆ ಸಿಕ್ಕ ಅಪ್ಸರೆಗಳು ಶೇ. 20ಕ್ಕಿಂತ ಕಡಿಮೆ, ಶರತ್ಕಾಲದಲ್ಲಿ ಮಾತ್ರ ಪ್ರಮಾಣ ಏರಿತು. ಸಿಲ್ಲಿಡ್‌ಗೆಂದು ಸಿಂಪಡಿಸಿದ ಕೀಟನಾಶಕ ಕಣಜವನ್ನೂ ಕೊಲ್ಲುತ್ತದೆ. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆಯಷ್ಟಿದ್ದ ಆ ರಾಜ್ಯದ ಕಿತ್ತಳೆ ಇಳುವರಿ 2022-23ರ ವೇಳೆಗೆ 1.6 ಕೋಟಿ ಪೆಟ್ಟಿಗೆಗೆ ಇಳಿಯಿತು. ಚಂಡಮಾರುತಗಳ ಪಾಲೂ ಇದರಲ್ಲಿದೆ, ಆದರೆ ಪ್ರಧಾನ ಕಾರಣ ಗ್ರೀನಿಂಗ್.

ಕರ್ನಾಟಕದಲ್ಲಿ ಕೊಡಗಿನ ಕಿತ್ತಳೆಯ ಅವನತಿಗೂ ಟ್ರಿಸ್ಟೆಜಾ ವೈರಸ್ ಮತ್ತು ಬೇರು ಕೊಳೆಯ ಜೊತೆಗೆ ಈ ರೋಗ ಕಾರಣವಾಗಿದೆ.

ಇರುವೆ ಮತ್ತು ಕರಿಬೇವು

ಅಪ್ಸರೆಗಳು ವಿಸರ್ಜಿಸುವ ಸಿಹಿಯಾದ ಅಂಟುದ್ರವಕ್ಕಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ, ಕಣಜಗಳನ್ನು ಓಡಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಪಾಕಿಸ್ತಾನದ ಪಂಜಾಬಿನ ಕಣಜಗಳನ್ನು ಬಿಡತೊಡಗಿದಾಗ ಅರ್ಜೆಂಟೀನಾ ಇರುವೆಗಳು ಇದೇ ಅಡ್ಡಿಯನ್ನು ಒಡ್ಡಿದವು.

ಕಣಜಗಳನ್ನು ಸಾಕಲು ಮೊದಲು ಸಿಲ್ಲಿಡ್‌ಗಳನ್ನು ಸಾಕಬೇಕು. ಸಿಲ್ಲಿಡ್‌ಗಳಿಗೆ ಗಿಡ ಬೇಕು, ಆದರೆ ಆ ಗಿಡದಲ್ಲಿ ರೋಗ ನೆಲೆಸಬಾರದು. ಕ್ಯಾಲಿಫೋರ್ನಿಯಾದವರು ಇದಕ್ಕಾಗಿ ಬಳಸಿದ್ದು ನಮ್ಮ ಒಗ್ಗರಣೆಯ ಕರಿಬೇವನ್ನು. ಸಿಲ್ಲಿಡ್ ಅದರ ಚಿಗುರಿನಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ, ಬ್ಯಾಕ್ಟೀರಿಯಾ ಮಾತ್ರ ಅದರಲ್ಲಿ ಬೆಳೆಯುವುದಿಲ್ಲ. ಆದರೂ ಸೊಪ್ಪಿನೊಂದಿಗೆ ಸೋಂಕಿತ ಸಿಲ್ಲಿಡ್‌ಗಳು ಪ್ರಯಾಣ ಮಾಡಬಹುದಾದ್ದರಿಂದ, ಭಾರತದಿಂದ ಅಮೆರಿಕಕ್ಕೆ ಹೋಗುವವರು ಹಸಿ ಕರಿಬೇವನ್ನು ಒಯ್ಯುವುದಕ್ಕೆ ಅಲ್ಲಿ ನಿರ್ಬಂಧವಿದೆ.