ಕೈ ಸುಮ್ಮನಿದ್ದರೆ ಮಣ್ಣು ದಾರಿಗೆ ಬರುತ್ತದೆ

ಕುಂಬಾರಿಕೆಯ ಆರಂಭಿಕ ತರಗತಿಗೆ ಬಂದವರಲ್ಲಿ ಹೆಚ್ಚಿನವರು ಮೊದಲ ಗಂಟೆಯಲ್ಲಿ ಮಾಡುವ ತಪ್ಪು ಒಂದೇ. ತಿರುಗುವ ಚಕ್ರದ ಮೇಲೆ ಕೂತ ಮಣ್ಣಿನ ಮುದ್ದೆ ಒಂದು ಪಕ್ಕಕ್ಕೆ ಉಬ್ಬಿರುತ್ತದೆ. ಆ ಉಬ್ಬು ಬಂದು ಅಂಗೈಗೆ ಬಡಿಯುತ್ತದೆ. ಬಡಿದ ಕೂಡಲೇ ಕೈ ಹಿಂದೆ ಸರಿಯುತ್ತದೆ. ಉಬ್ಬು ದಾಟಿಹೋಯಿತು ಅನ್ನಿಸಿದಾಗ ಅದನ್ನು ಹಿಡಿಯಲು ಕೈ ಮತ್ತೆ ಒಳಕ್ಕೆ ನುಗ್ಗುತ್ತದೆ. ಅಷ್ಟರಲ್ಲಿ ಮಣ್ಣು ಇನ್ನೊಂದು ಸುತ್ತು ಹಾಕಿ ಬಂದಿರುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಮುದ್ದೆ, ಮೊಣಕೈ, ಹೆಗಲು ಮೂರೂ ಒಟ್ಟಿಗೆ ಓಲಾಡತೊಡಗುತ್ತವೆ. ಆಗ ಕಲಿಸುವವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: “ಮಣ್ಣಿನ ಹಿಂದೆ ಹೋಗಬೇಡಿ. ಕೈ ಸುಮ್ಮನೆ ಇಡಿ.”

ಕೇಳುವವರಿಗೆ ಇದು ತಾಳ್ಮೆಯ ಉಪದೇಶದಂತೆ ಕಾಣಬಹುದು. ನಿಜವಾಗಿ ಇದು ಅಪ್ಪಟ ಭೌತವಿಜ್ಞಾನ. ಹೊಸಬರಿಗೆ ಚಕ್ರದ ಕೆಲಸ ಕಷ್ಟವಾಗುವುದು ಕೈಯಲ್ಲಿ ಬಲ ಸಾಲದೆ ಅಲ್ಲ. ಬಲವನ್ನು ತಪ್ಪು ಗಳಿಗೆಯಲ್ಲಿ ಹಾಕುವುದರಿಂದ. ಅದು ಅರ್ಥವಾಗಬೇಕಾದರೆ ಮೊದಲು ಮಣ್ಣಿನ ಸ್ವಭಾವ ತಿಳಿಯಬೇಕು.

ಬಗ್ಗುವ ಮಣ್ಣು

ಮರಳಿಗೆ ಎಷ್ಟೇ ನೀರು ಹಾಕಿ ಕಲಸಿದರೂ ಅದರಿಂದ ತೆಳುವಾದ ಲೋಟ ಎಬ್ಬಿಸಲಾಗದು. ಜೇಡಿಮಣ್ಣಿನಿಂದ ಎಬ್ಬಿಸಬಹುದು. ವ್ಯತ್ಯಾಸ ಇರುವುದು ಕಣಗಳ ಗಾತ್ರ ಮತ್ತು ಆಕಾರದಲ್ಲಿ. ಗ್ರಾನೈಟ್‌ನಂಥ ಬಂಡೆಗಳಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆ-ಗಾಳಿಗೆ ಸಿಕ್ಕಿ ದೀರ್ಘಕಾಲದಲ್ಲಿ ಶಿಥಿಲವಾಗಿ ಜೇಡಿ ಖನಿಜಗಳಾಗುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಕೆಯೊಲಿನೈಟ್. ಇದರ ಕಣಗಳು ಚಪ್ಪಟೆ ಬಿಲ್ಲೆಗಳು. ಅಗಲ ಸಾಮಾನ್ಯವಾಗಿ 2 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ದಪ್ಪ ಅದಕ್ಕಿಂತಲೂ ಎಷ್ಟೋ ಕಡಿಮೆ.

ಎರಡು ಗಾಜಿನ ಹಲಗೆಗಳ ನಡುವೆ ನಾಲ್ಕು ಹನಿ ನೀರು ಬಿಟ್ಟು ಒತ್ತಿ ನೋಡಿ. ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಆದರೆ ಎಳೆದು ಬೇರೆ ಮಾಡುವುದು ಕಷ್ಟ. ಹದವಾದ ಜೇಡಿಯೊಳಗೆ ಇಂಥ ಕೋಟ್ಯಂತರ ಬಿಲ್ಲೆಗಳ ನಡುವೆ ನೀರಿನ ತೆಳು ಪದರಗಳಿವೆ. ಆದ್ದರಿಂದಲೇ ಒತ್ತಿದಾಗ ಮಣ್ಣು ಹರಿಯುತ್ತದೆ, ಬಿಟ್ಟಾಗ ಬಿಟ್ಟಲ್ಲೇ ನಿಲ್ಲುತ್ತದೆ. ಒತ್ತಡ ಒಂದು ಮಿತಿ ದಾಟುವವರೆಗೆ ಅದು ಘನವಸ್ತು, ದಾಟಿದ ಮೇಲೆ ದ್ರವದಂತೆ ವರ್ತಿಸುವ ವಸ್ತು. ಆ ಮಿತಿಯನ್ನು ನಿರ್ಧರಿಸುವುದು ನೀರು. ನೀರು ಕಡಿಮೆಯಾದರೆ ಮಣ್ಣು ಬಿರಿಯುತ್ತದೆ; ಹೆಚ್ಚಾದರೆ ತನ್ನ ತೂಕವನ್ನೇ ಹೊರಲಾರದೆ ಕುಸಿಯುತ್ತದೆ.

ಚಕ್ರಕ್ಕೆ ಕೂರುವ ಮೊದಲು ಮಣ್ಣನ್ನು ಚೆನ್ನಾಗಿ ನಾದಿಸುವುದು ಇದಕ್ಕೇ. ಹಿಂದೆ ಕುಂಬಾರರ ಅಂಗಳದಲ್ಲಿ ಕಾಲಿನಿಂದ ತುಳಿದು ಮಾಡುತ್ತಿದ್ದ ಕೆಲಸವನ್ನು ತರಗತಿಯಲ್ಲಿ ಮೇಜಿನ ಮೇಲೆ ಅಂಗೈಯಿಂದ ಮಾಡಿಸುತ್ತಾರೆ. ಗಾಳಿಗುಳ್ಳೆಗಳು ಹೋಗುತ್ತವೆ, ನೀರು ಎಲ್ಲ ಕಡೆ ಸಮವಾಗಿ ಹರಡುತ್ತದೆ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ ಇರುವ ಮುದ್ದೆ ಎಂಥ ಅನುಭವಿಯ ಕೈಯಲ್ಲೂ ನೇರವಾಗಿ ನಿಲ್ಲುವುದಿಲ್ಲ. ಬೇಸರದ ಕೆಲಸವೆಂದು ನಾದುವುದನ್ನು ಬಿಟ್ಟವರು ಅದರ ಬೆಲೆಯನ್ನು ಚಕ್ರದ ಮೇಲೆ ತೆರುತ್ತಾರೆ.

ಕಾಲು ಸೆಕೆಂಡಿನ ಲೆಕ್ಕ

ಈಗ ಮುದ್ದೆಯನ್ನು ನಡುವಿಗೆ ತರುವ ಕೆಲಸ. ತರಗತಿಗಳಲ್ಲಿ ಬಳಸುವ ವಿದ್ಯುತ್ ಚಕ್ರ ಪೂರ್ಣ ವೇಗದಲ್ಲಿ ನಿಮಿಷಕ್ಕೆ 240 ಸುತ್ತಿನ ಆಸುಪಾಸು ತಿರುಗುತ್ತದೆ. ಅಂದರೆ ಸೆಕೆಂಡಿಗೆ 4 ಸುತ್ತು, ಒಂದು ಸುತ್ತಿಗೆ ಕಾಲು ಸೆಕೆಂಡು. ಚರ್ಮಕ್ಕೆ ತಾಗಿದ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ಆಜ್ಞೆ ಬಂದು ಸ್ನಾಯು ಅಲುಗಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಉಬ್ಬು ಬಡಿದದ್ದು ತಿಳಿದು ಕೈ ಒತ್ತುವ ಹೊತ್ತಿಗೆ ಆ ಉಬ್ಬು ಮುಕ್ಕಾಲು ಸುತ್ತಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ನೀವು ಒತ್ತುವುದು ಬೇರೆಯೇ ಜಾಗವನ್ನು. ಹೀಗೆ ಬೆನ್ನಟ್ಟಿದಷ್ಟೂ ಓಲಾಟ ಹೆಚ್ಚುತ್ತದೆ. ಎಷ್ಟು ಚುರುಕಿನವರಾದರೂ ಈ ಓಟದಲ್ಲಿ ಗೆಲ್ಲುವಂತಿಲ್ಲ.

ಕೈಯನ್ನು ಅಲುಗದಂತೆ ನಿಲ್ಲಿಸಿದರೆ ಲೆಕ್ಕ ತಿರುಗಿಬೀಳುತ್ತದೆ. ಚಕ್ರದ ಅಕ್ಷ ಕದಲುವುದಿಲ್ಲ. ಅಂಗೈಯೂ ಕದಲದಿದ್ದರೆ ಅಕ್ಷಕ್ಕೂ ಅಂಗೈಗೂ ನಡುವಿನ ದೂರ ಯಾವಾಗಲೂ ಒಂದೇ. ಆ ದೂರಕ್ಕಿಂತ ಹೊರಗೆ ಚಾಚಿದ ಮಣ್ಣು ಮಾತ್ರ ಸುತ್ತಿಗೊಮ್ಮೆ ಬಂದು ಅಂಗೈಗೆ ಒತ್ತಿ ಒಳಸರಿಯುತ್ತದೆ. ತಗ್ಗಿನ ಭಾಗ ಮುಟ್ಟದೆ ಹಾದುಹೋಗುತ್ತದೆ. ಹತ್ತಿಪ್ಪತ್ತು ಸುತ್ತು ಮುಗಿಯುವಷ್ಟರಲ್ಲಿ, ಅಂದರೆ ಕೆಲವೇ ಸೆಕೆಂಡುಗಳಲ್ಲಿ, ಮುದ್ದೆ ತಾನಾಗಿ ಉರುಟಾಗುತ್ತದೆ. ನಡು ಎಲ್ಲಿದೆ ಎಂದು ಹುಡುಕುವ ಹೊಣೆ ಕಲಿಯುವವರದಲ್ಲ, ಅದು ಚಕ್ರದ್ದು. ಕಲಿಯುವವರ ಪಾಲಿಗೆ ಇರುವುದು ಸ್ಥಿರವಾಗಿರುವ ಕೆಲಸ ಮಾತ್ರ.

ಗಾಳಿಯಲ್ಲಿ ತೇಲುವ ಕೈ ಸ್ಥಿರವಾಗಿರಲಾರದು. ಹಾಗಾಗಿ ಎಡ ಮೊಣಕೈಯನ್ನು ತೊಡೆಗೋ ಸೊಂಟಕ್ಕೋ ಊರಿಸುತ್ತಾರೆ, ಎರಡೂ ಕೈಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಸುತ್ತಾರೆ, ಮೈಯನ್ನು ಮುಂದಕ್ಕೆ ಬಾಗಿಸುತ್ತಾರೆ. ಆಗ ಒತ್ತುವುದು ತೋಳಿನ ಸ್ನಾಯುವಲ್ಲ, ಮೈಯ ತೂಕ. ಸ್ನಾಯು ದಣಿದು ನಡುಗುತ್ತದೆ, ತೂಕ ನಡುಗುವುದಿಲ್ಲ. ತೋಳಿನಲ್ಲಿ ಬಲವಿಲ್ಲದವರೂ ದೊಡ್ಡ ಮುದ್ದೆಯನ್ನು ನಡುವಿಗೆ ತರುವುದು ಹೀಗೆ.

ಕೈ ತೆಗೆಯುವುದರಲ್ಲೂ ಒಂದು ಲೆಕ್ಕವಿದೆ. ನಡುವಿಗೆ ಬಂದಿತೆಂದು ಖುಷಿಯಾಗಿ ಕೈಯನ್ನು ಥಟ್ಟನೆ ಕಿತ್ತರೆ ಮುದ್ದೆ ಮತ್ತೆ ಓಲಾಡುತ್ತದೆ. ಕೈ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹೊರಬಂದರೆ ಆ ಅವಧಿಯಲ್ಲಿ ಚಕ್ರ ಅರ್ಧ ಸುತ್ತೂ ತಿರುಗಿರುವುದಿಲ್ಲ. ಮುದ್ದೆಯ ಒಂದು ಪಕ್ಕಕ್ಕೆ ಕೊನೆಯ ಒತ್ತಡ ಸಿಕ್ಕಿರುತ್ತದೆ, ಇನ್ನೊಂದು ಪಕ್ಕಕ್ಕೆ ಸಿಕ್ಕಿರುವುದಿಲ್ಲ. ಅದೇ ಕೈಯನ್ನು ಒಂದು ಸೆಕೆಂಡಿನಷ್ಟು ನಿಧಾನವಾಗಿ ಬಿಟ್ಟರೆ ನಾಲ್ಕು ಸುತ್ತು ಮುಗಿಯುತ್ತವೆ, ಎಲ್ಲ ಪಕ್ಕಕ್ಕೂ ಒತ್ತಡ ಸಮನಾಗಿ ಇಳಿಯುತ್ತದೆ. “ಹಿಡಿಯುವಾಗಲೂ ನಿಧಾನ, ಬಿಡುವಾಗಲೂ ನಿಧಾನ” ಎಂದು ಕಲಿಸುವವರು ಪದೇಪದೇ ಹೇಳುವುದು ಇದಕ್ಕೆ.

ಗೋಡೆ ಏಳುವಾಗ

ನಡುವಿಗೆ ತಂದ ಮುದ್ದೆಗೆ ಹೆಬ್ಬೆರಳಿನಿಂದ ಗುಳಿ ಮಾಡಿ, ತಳವನ್ನು ಅಗಲಿಸಿ, ಒಳಗೊಂದು ಬೆರಳು ಹೊರಗೊಂದು ಬೆರಳು ಇಟ್ಟು ಮೇಲಕ್ಕೆ ಎಳೆದರೆ ಗೋಡೆ ಏಳುತ್ತದೆ. ಇಲ್ಲಿ ಮಣ್ಣು ಹೊಸದಾಗಿ ಹುಟ್ಟುವುದಿಲ್ಲ. ದಪ್ಪ ಎತ್ತರವಾಗಿ ಬದಲಾಗುತ್ತದೆ, ಅಷ್ಟೆ. ಒಂದು ಕಿಲೋ ಹದವಾದ ಜೇಡಿ ಸುಮಾರು ಅರ್ಧ ಲೀಟರ್ ಜಾಗ ಹಿಡಿಯುತ್ತದೆ. ಅದರಿಂದ 10 ಸೆಂ.ಮೀ. ವ್ಯಾಸದ, 6 ಮಿ.ಮೀ. ದಪ್ಪದ ಗೋಡೆ ಮಾಡಿದರೆ ಲೆಕ್ಕದ ಪ್ರಕಾರ 24-25 ಸೆಂ.ಮೀ. ಎತ್ತರದ ಪಾತ್ರೆ ಬರಬೇಕು. ಗೋಡೆ 12 ಮಿ.ಮೀ. ದಪ್ಪ ಉಳಿದರೆ ಎತ್ತರ 13 ಸೆಂ.ಮೀ.ಗೇ ನಿಲ್ಲುತ್ತದೆ. ಹೊಸಬರ ಲೋಟಗಳು ಗಿಡ್ಡವಾಗಿ, ಕೈಗೆತ್ತಿಕೊಂಡರೆ ಭಾರವಾಗಿ ಇರುವುದರ ಗುಟ್ಟು ಇದೇ. ಬಹುಪಾಲು ಮಣ್ಣು ಗೋಡೆಯ ಬುಡದಲ್ಲೇ ಉಳಿದಿರುತ್ತದೆ.

ಎಳೆಯುವ ವೇಗವೂ ಸುತ್ತಿಗೆ ತಕ್ಕಂತಿರಬೇಕು. ಚಕ್ರ ನಿಮಿಷಕ್ಕೆ 120 ಸುತ್ತು ತಿರುಗುತ್ತಿದ್ದು, ಬೆರಳು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಏರಿದರೆ, ಒಂದು ಸುತ್ತಿಗೆ ಅರ್ಧ ಸೆಂಟಿಮೀಟರ್ ಮೇಲೇರುತ್ತದೆ. ಬೆರಳ ತುದಿಯ ಅಗಲ ಅದಕ್ಕಿಂತ ಹೆಚ್ಚಿರುವುದರಿಂದ ಪ್ರತಿ ಸುತ್ತಿನ ಒತ್ತು ಹಿಂದಿನದರ ಮೇಲೆ ಸ್ವಲ್ಪ ಹಾಯುತ್ತದೆ, ಯಾವ ಜಾಗವೂ ಬಿಟ್ಟುಹೋಗುವುದಿಲ್ಲ. ಆತುರದಿಂದ ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್ ಎಳೆದರೆ ನಡುವೆ ಒತ್ತು ಬೀಳದ ಪಟ್ಟಿಗಳು ಸುರುಳಿಯಾಗಿ ಉಳಿಯುತ್ತವೆ. ಗೋಡೆ ತಿರುಚಿಕೊಳ್ಳುವುದು ಅಲ್ಲಿಂದಲೇ.

ಬಾಯಿ ಅಗಲವಾದಂತೆ ಇನ್ನೊಂದು ತೊಡಕು ಎದುರಾಗುತ್ತದೆ. ತಿರುಗುವ ಮಣ್ಣನ್ನು ಹೊರಕ್ಕೆ ಸೆಳೆಯುವ ಕೇಂದ್ರಾಪಗಾಮಿ ಬಲ ತ್ರಿಜ್ಯದೊಂದಿಗೆ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ನಡುವಿನಿಂದ 10 ಸೆಂ.ಮೀ. ದೂರದಲ್ಲಿರುವ ಬಟ್ಟಲಿನ ಅಂಚಿನ ಮೇಲೆ ನಿಮಿಷಕ್ಕೆ 240 ಸುತ್ತಿನಲ್ಲಿ ಬೀಳುವ ಈ ಬಲ ಅಲ್ಲಿನ ಮಣ್ಣಿನ ತೂಕದ ಆರು ಪಟ್ಟಿಗೂ ಹೆಚ್ಚು. 60 ಸುತ್ತಿಗೆ ಇಳಿಸಿದರೆ ಅದು ತೂಕದ ಅರ್ಧಕ್ಕೂ ಕಡಿಮೆ. ನಡುವಿಗೆ ತರುವಾಗ ನೆರವಾದ ವೇಗ ಬಟ್ಟಲು ಅಗಲಿಸುವಾಗ ವೈರಿ. ಕಲಿಯುವವರು ಕಾಲಿನ ಪೆಡಲನ್ನು ಸಡಿಲಿಸಲು ಮರೆತರೆ ಅಂಚು ಅಲೆಅಲೆಯಾಗಿ ತೆರೆದುಕೊಂಡು ತಟ್ಟೆಯಂತೆ ಬಿದ್ದುಬಿಡುತ್ತದೆ.

ನಮ್ಮ ಕುಂಬಾರರ ತಿಗರಿಯಲ್ಲಿ ಈ ವ್ಯವಸ್ಥೆ ತಾನಾಗಿಯೇ ಇತ್ತು. ಭಾರವಾದ ಚಕ್ರವನ್ನು ಕೋಲಿನಿಂದ ರಭಸವಾಗಿ ತಿರುಗಿಸಿ ಬಿಡುತ್ತಾರೆ. ಅದರ ಭಾರವೆಲ್ಲ ಅಂಚಿನ ಕಡೆಗಿರುವುದರಿಂದ ತುಂಬಿಕೊಂಡ ಶಕ್ತಿ ಬೇಗ ಕರಗುವುದಿಲ್ಲ. ವೇಗ ಹೆಚ್ಚಿರುವ ಮೊದಲ ಹಂತದಲ್ಲಿ ಮಣ್ಣು ನಡುವಿಗೆ ಬರುತ್ತದೆ, ವೇಗ ಇಳಿಯುತ್ತ ಬಂದಂತೆ ಬಾಯಿ ಅಗಲಿಸುವ ಕೆಲಸ ನಡೆಯುತ್ತದೆ. ದೊಡ್ಡ ಮುದ್ದೆಯ ತುದಿಯನ್ನಷ್ಟೇ ನಡುವಿಗೆ ತಂದು, ಅದರಿಂದಲೇ ಸಾಲಾಗಿ ಹಣತೆ, ಕುಡಿಕೆಗಳನ್ನು ಮಾಡಿ ದಾರದಿಂದ ಕತ್ತರಿಸಿ ಇಳಿಸುವ ಜಾಣತನವೂ ಅವರದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರ ಕುಟುಂಬಗಳಿಗೆ ವಿದ್ಯುತ್ ಚಕ್ರ ಹಂಚುತ್ತಿದೆ; ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಚಕ್ರ ತಿರುಗಿಸುವ ದಣಿವನ್ನು ಮೋಟಾರು ತಪ್ಪಿಸಿತು. ಆದರೆ ವೇಗವನ್ನು ಯಾವಾಗ ಇಳಿಸಬೇಕೆಂಬ ವಿವೇಕ ಈಗ ಪಾದಕ್ಕೆ ಬರಬೇಕು.

ಒಣಗುವುದು, ಬೇಯುವುದು

ಚಕ್ರದಿಂದ ಇಳಿದ ಪಾತ್ರೆಯ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಬಿಲ್ಲೆಗಳ ನಡುವಿನ ನೀರು ಆರಿದಂತೆ ಅವು ಹತ್ತಿರ ಸರಿಯುತ್ತವೆ, ಪಾತ್ರೆ ಕುಗ್ಗುತ್ತದೆ. ತೆಳುವಾದ ಅಂಚು ಬೇಗ ಒಣಗಿ ಕುಗ್ಗಿ, ದಪ್ಪ ತಳ ಹಸಿಯಾಗಿಯೇ ಉಳಿದರೆ ಎರಡರ ಎಳೆದಾಟದಲ್ಲಿ ಬಿರುಕು ಬೀಳುತ್ತದೆ. ತಳದಲ್ಲಿ ನೀರು ನಿಲ್ಲಲು ಬಿಟ್ಟರೆ, ಅಥವಾ ಬೆರಳಿನಿಂದ ತಳವನ್ನು ಒತ್ತಿ ಗಟ್ಟಿ ಮಾಡದಿದ್ದರೆ, ಅಲ್ಲಿ ಹಾವಿನಂತೆ ಬಳುಕಿದ ಬಿರುಕು ಮೂಡುತ್ತದೆ. ಪಾತ್ರೆಗೆ ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಣಗಿಸುವುದು ಇದನ್ನು ತಪ್ಪಿಸಲಿಕ್ಕೆ. ಪೂರ್ತಿ ಒಣಗಿತೇ ಎಂದು ನೋಡಲು ಅನುಭವಿಗಳು ಪಾತ್ರೆಯನ್ನು ಕೆನ್ನೆಗೆ ತಾಗಿಸುತ್ತಾರೆ. ತಣ್ಣಗಿದ್ದರೆ ಒಳಗಿನ ನೀರು ಇನ್ನೂ ಆವಿಯಾಗುತ್ತ ಶಾಖವನ್ನು ಹೀರುತ್ತಿದೆ ಎಂದರ್ಥ.

ಹಸಿ ಉಳಿದ ಪಾತ್ರೆಯನ್ನು ಆವಿಗೆಗೆ ಇಟ್ಟರೆ ಅಪಾಯ. ಒಂದು ಗ್ರಾಂ ನೀರು ಕುದಿದು ಸುಮಾರು 1.7 ಲೀಟರ್ ಹಬೆಯಾಗುತ್ತದೆ. ಹೊರಬರಲು ದಾರಿ ಸಿಗದ ಹಬೆ ಗೋಡೆಯನ್ನು ಸಿಡಿಸುತ್ತದೆ. ಗಾಳಿಗುಳ್ಳೆಯಿಂದ ಪಾತ್ರೆ ಒಡೆಯುತ್ತದೆ ಎಂಬ ಮಾತು ತರಗತಿಗಳಲ್ಲಿ ಚಾಲ್ತಿಯಲ್ಲಿದೆ; ಸಿಡಿತಕ್ಕೆ ನಿಜವಾದ ಕಾರಣ ಉಳಿದ ತೇವ. ಶಾಖ ಏರುತ್ತ 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಇನ್ನೊಂದು ಬಗೆಯ ನೀರು ಹೊರಡುತ್ತದೆ. ಇದು ಖನಿಜದ ರಚನೆಯಲ್ಲೇ ಬೆಸೆದುಕೊಂಡದ್ದು, ಶುದ್ಧ ಕೆಯೊಲಿನೈಟ್‌ನ ತೂಕದಲ್ಲಿ ಶೇ 14ರಷ್ಟು. ಇದೂ ಹೋದ ಮೇಲೆ ಮಣ್ಣು ಮತ್ತೆಂದೂ ನೀರಿನಲ್ಲಿ ಕರಗುವ ಮಣ್ಣಾಗುವುದಿಲ್ಲ. 900-1,000 ಡಿಗ್ರಿಯಲ್ಲಿ ಬೆಂದ ಪಾತ್ರೆಗೆ ಗಟ್ಟಿತನ ಬರುತ್ತದೆ, ಸಣ್ಣ ರಂಧ್ರಗಳೂ ಉಳಿಯುತ್ತವೆ. ಬೇಸಿಗೆಯ ಮಡಕೆ ನೀರು ತಣ್ಣಗಾಗುವುದು ಆ ರಂಧ್ರಗಳಿಂದ.

ಒಣಗಿ ಬೇಯುವಷ್ಟರಲ್ಲಿ ಪಾತ್ರೆ, ಮಣ್ಣಿನ ಬಗೆಯನ್ನು ಅವಲಂಬಿಸಿ, ಹತ್ತರಲ್ಲಿ ಒಂದು ಪಾಲಿನಷ್ಟು ಕಿರಿದಾಗಬಹುದು. ಈ ಕುಗ್ಗುವಿಕೆಯನ್ನೇ ಇಂಗ್ಲೆಂಡಿನ ಕುಂಬಾರ ಜೋಸಾಯ ವೆಜ್‌ವುಡ್ ಅಳತೆಗೋಲಾಗಿಸಿದ. ಗೂಡಿನೊಳಗೆ ಇಟ್ಟ ಜೇಡಿಯ ತುಂಡು ಎಷ್ಟು ಕುಗ್ಗಿದೆ ಎಂದು ನೋಡಿ ಶಾಖವನ್ನು ಅಂದಾಜಿಸುವ ಈ ಉಪಾಯವನ್ನು ಆತ 1782ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಮರುವರ್ಷ ಅದರ ಸದಸ್ಯನೂ ಆದ.

ಸೇರುವವರಿಗೆ ಎರಡು ಮಾತು

ತರಗತಿಗೆ ಸೇರುವ ಮನಸ್ಸಿದ್ದರೆ ಎರಡು ವಿಷಯ ನೆನಪಿಡಿ. ಒಂದು, ಒಣಗಿದ ಜೇಡಿಯ ಧೂಳಿನಲ್ಲಿ ಸಿಲಿಕಾ ಕಣಗಳಿರುತ್ತವೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರಬಲ್ಲವು. ನೆಲ, ಮೇಜುಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವ ತರಗತಿಯನ್ನೇ ಆರಿಸಿಕೊಳ್ಳಿ.

ಎರಡು, ಮೊದಮೊದಲ ಪಾತ್ರೆಗಳನ್ನು ಬೇಯಿಸಿ ಮನೆಗೆ ಒಯ್ಯುವ ಆಸೆ ಬಿಡಿ. ಅವನ್ನು ತಂತಿಯಿಂದ ಮೇಲಿನಿಂದ ಕೆಳಕ್ಕೆ ನೇರ ಸೀಳಿ, ಗೋಡೆಯ ಕೊಯ್ತವನ್ನು ನೋಡಿ. ಮಣ್ಣು ಎಲ್ಲಿ ದಪ್ಪ ಉಳಿಯಿತು, ಎಲ್ಲಿ ಕೈ ಅವಸರಪಟ್ಟಿತು ಎಂಬುದೆಲ್ಲ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಸೀಳಿದ ತುಂಡುಗಳನ್ನು ನೀರಿಗೆ ಹಾಕಿ, ಹದ ಮಾಡಿ, ಮತ್ತೆ ನಾದಿ ಚಕ್ರಕ್ಕೆ ಇಡಿ. ಬೆಂಕಿ ಮುಟ್ಟುವವರೆಗೆ ಮಣ್ಣಿನಲ್ಲಿ ಮಾಡಿದ ಯಾವ ತಪ್ಪಿಗೂ ನಷ್ಟವಿಲ್ಲ.